ಕುಡಿಯುವ ನೀರಿನ ಪೈಪಿನಿಂದ ಟ್ರೇಲ್ ಬೈಕಿಗೊಂದು ಸ್ಕಿಡ್ ಪ್ಲೇಟ್: ಸಕಲೇಶಪುರದ ತೋಟವೊಂದರ ಪ್ರಕರಣ

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ದಿನವೂ ದುಡಿಯುವ ಬೈಕ್ ಇದು. ಅದರ ಎಂಜಿನ್ನಿನ ತಳವನ್ನು ಕಲ್ಲು, ಬೇರುಗಳಿಂದ ಕಾಯುವ ಕವಚವನ್ನು, ಅಂದರೆ ಸ್ಕಿಡ್ ಪ್ಲೇಟನ್ನು, ನಾವೇ ಮಾಡಿದ ಕಥೆ ಇದು. 150 ಸಿಸಿಯ ಹಳೆಯ ಟ್ರೇಲ್ ಬೈಕ್, ಅಂದರೆ ಕಚ್ಚಾ ಹಾದಿಗೆಂದೇ ಮಾಡಿದ ಬೈಕ್; ಗಾಳಿಯಿಂದಲೇ ತಣಿಯುವ ಒಂಟಿ ಸಿಲಿಂಡರಿನ ಎಂಜಿನ್. ಚಾಸಿಯ, ಅಂದರೆ ಬೈಕಿನ ಚೌಕಟ್ಟಿನ, ಮುಂದಿನ ಕೊಳವೆ ಹ್ಯಾಂಡಲಿನ ಕೆಳಗಿನಿಂದ ಇಳಿದು ಬಂದು ಎಂಜಿನ್ನಿನ ಎದುರು ಎರಡಾಗಿ ಕವಲೊಡೆಯುತ್ತದೆ. ಆ ಎರಡು ಕವಲುಗಳು ಎಂಜಿನ್ನಿನ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಹಾದು ಹಿಂದಕ್ಕೆ ಹೋಗುತ್ತವೆ. ಅವುಗಳನ್ನು ಇಲ್ಲಿ ಹಳಿಗಳು ಎಂದು ಕರೆಯುತ್ತೇನೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಅವುಗಳ ಮೇಲೆಯೇ.

ಬೈಕಿನ ಒಡೆಯ ನನ್ನ ಗೆಳೆಯ. ಪಂಪ್ ಮನೆಗೆ, ಕೆಲಸಗಾರರು ಇರುವ ಕಡೆಗೆ, ಬೇಲಿಯ ಸುತ್ತಿಗೆ ಎಲ್ಲಕ್ಕೂ ಇದೇ ವಾಹನ. ಭಾನುವಾರಗಳಲ್ಲಿ ನಾಲ್ಕಾರು ಜನ ಸೇರಿ ಪರಸ್ಪರರ ತೋಟದ ಹಾದಿಗಳಲ್ಲಿ ಓಡಿಸುವುದೂ ಉಂಟು. ಕಾಯ್ದಿಟ್ಟ ಅರಣ್ಯದೊಳಗೆ ಬೈಕ್ ನುಗ್ಗಿಸುವ ಚಟ ಇವರಿಗಿಲ್ಲ. ಅದು ಯಾರಿಗೂ ಇರಬಾರದು. ತೋಟದೊಳಗಿನ ದಾರಿಗಳೇ ಸಾಕಷ್ಟು ಕಠಿಣ. ಮಳೆಗೆ ಮಣ್ಣು ಕೊಚ್ಚಿಹೋಗಿ ಎದ್ದುನಿಂತ ಬಂಡೆಗಳು, ಸಿಲ್ವರ್ ಓಕ್ ಮರದ ಬೇರುಗಳು, ಅಡ್ಡ ಬಿದ್ದ ದಿಮ್ಮಿಗಳು ಎಲ್ಲೆಡೆ ಇವೆ. ಇವೆಲ್ಲಕ್ಕಿಂತ ಕೆಟ್ಟದ್ದು ಹಳೆಯ ಕಾಫಿ ಗಿಡ ಕಡಿದ ಮೇಲೆ ಉಳಿಯುವ ಓರೆಯಾದ ಗೂಟ. ತರಗೆಲೆಯ ಅಡಿಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಹೇಮಾವತಿಗೆ ಸೇರುವ ಹಳ್ಳವೊಂದನ್ನು ದಾಟುವಾಗ ಮುಂದಿನ ಚಕ್ರ ಬಂಡೆಯೊಂದನ್ನು ಹತ್ತಿ ಇಳಿಯಿತು. ಎಂಜಿನ್ನಿನ ತಳ ಅದೇ ಬಂಡೆಯ ಮೇಲೆ ಕುಳಿತಿತು. ಬೈಕ್ ಬೀಳಲಿಲ್ಲ, ಸವಾರನಿಗೆ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡಿನ ನೆಲದಲ್ಲಿ ಎಣ್ಣೆ ಹರಡಿತ್ತು. ಆಯಿಲ್ ಖಾಲಿ ಮಾಡುವ ಬೋಲ್ಟಿನ ಪಕ್ಕದಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಎಂಜಿನ್ನಿನ ಹೊರಗವಚವಾದ ಕ್ರ್ಯಾಂಕ್‌ಕೇಸ್ ಅಚ್ಚಿನಲ್ಲಿ ಹೊಯ್ದ ಅಲ್ಯೂಮಿನಿಯಂ. ಹಾಳೆಯ ಲೋಹದ ಹಾಗೆ ಅದು ಬಾಗುವುದಿಲ್ಲ, ಸೀಳುತ್ತದೆ. ಎಂಜಿನ್ ಕೆಳಗಿಳಿಸಿ, ಎರಡು ಹೋಳು ಬಿಚ್ಚಿ, ಎಣ್ಣೆಯ ಅಂಶ ಉಳಿಯದಂತೆ ತೊಳೆದು, ಹಾಸನದಲ್ಲಿ ಅಲ್ಯೂಮಿನಿಯಂ ಬೆಸೆಯಲು ಬಳಸುವ ಟಿಗ್ ವೆಲ್ಡಿಂಗ್ ಮಾಡಿಸಿ, ವೆಲ್ಡಿಂಗ್ ಶಾಖಕ್ಕೆ ಡೊಂಕಾದ, ಹೋಳುಗಳು ಕೂಡುವ ಗ್ಯಾಸ್ಕೆಟ್ ಮುಖವನ್ನು ಮತ್ತೆ ಸಮ ಮಾಡಿಸಬೇಕಾಯಿತು. ಒಂದು ಅಂಗೈಯಷ್ಟು ಜಾಗಕ್ಕೆ ಕವಚ ಇದ್ದಿದ್ದರೆ ಈ ಯಾವ ಕೆಲಸವೂ ಇರುತ್ತಿರಲಿಲ್ಲ.

ಈ ಮಾದರಿಯ ಬೈಕ್ ಈಗ ತಯಾರಾಗುತ್ತಿಲ್ಲ. ಇದಕ್ಕೆ ಹೊಂದುವ ಸಿದ್ಧ ಪ್ಲೇಟ್ ಸಿಗಲಿಲ್ಲ. ಪೇಟೆಯ ಫ್ಯಾಬ್ರಿಕೇಟರ್ 4 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯನ್ನು ಬಾಗಿಸಿ ಕೊಡಲು ಒಪ್ಪಿದ್ದರು. ಪ್ಲಾಸ್ಟಿಕ್‌ನಲ್ಲಿ ನಾವೇ ಮಾಡೋಣ ಎಂದು ಹಟ ಹಿಡಿದವನು ನಾನು.

ಏಕೆ ಪ್ಲಾಸ್ಟಿಕ್, ಯಾವ ಪ್ಲಾಸ್ಟಿಕ್

ಪ್ಲಾಸ್ಟಿಕ್ ಪ್ಲೇಟ್ ಎಂದರೆ ಹಗುರ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕ ಹಾಕಿದರೆ ಅದು ಅರ್ಧ ಸತ್ಯ. ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್, ನೀರಿಗಿಂತ ಸ್ವಲ್ಪ ಹಗುರ. ಅದರ ಸಾಂದ್ರತೆ 0.95ರ ಆಸುಪಾಸು. ಅಲ್ಯೂಮಿನಿಯಂನದು 2.7. ಆದರೆ 4 ಮಿ.ಮೀ. ಅಲ್ಯೂಮಿನಿಯಂ ಮಾಡುವ ಕೆಲಸಕ್ಕೆ ಎಚ್‌ಡಿಪಿಇ 9 ಅಥವಾ 10 ಮಿ.ಮೀ. ದಪ್ಪವಾದರೂ ಬೇಕು. ನಮ್ಮ ಬೈಕಿಗೆ ಬೇಕಾದ ವಿಸ್ತೀರ್ಣದಲ್ಲಿ ಅಲ್ಯೂಮಿನಿಯಂ ಸುಮಾರು ಒಂದೂವರೆ ಕಿಲೋ ತೂಗಿದರೆ, ಒಂಬತ್ತೂವರೆ ಮಿ.ಮೀ. ಎಚ್‌ಡಿಪಿಇ ಒಂದೂಕಾಲು ಕಿಲೋ. ಈ ಕಾಲು ಕಿಲೋಗಾಗಿ ಯಾರೂ ಇಷ್ಟು ಶ್ರಮ ಪಡಬೇಕಾಗಿಲ್ಲ.

ನಿಜವಾದ ಕಾರಣ ಜಾರುವಿಕೆ. ಮೆತ್ತನೆಯ ಅಲ್ಯೂಮಿನಿಯಂ ಹಾಳೆ ಒರಟು ಬಂಡೆಯನ್ನು ಕಚ್ಚಿಕೊಳ್ಳುತ್ತದೆ. ಬಂಡೆಯ ಹರಳು ಲೋಹದಲ್ಲಿ ಗೀರು ಕೊರೆದು ಅಲ್ಲೇ ಸಿಕ್ಕಿಕೊಂಡರೆ ಬೈಕ್ ನಿಲ್ಲುತ್ತದೆ, ಸವಾರ ಮುಂದಕ್ಕೆ ವಾಲುತ್ತಾನೆ. ಎಚ್‌ಡಿಪಿಇಯ ಮೈ ಮೇಣದ ಗುಣದ್ದು. ಒದ್ದೆ ದಿಮ್ಮಿಯ ಮೇಲೂ ಬಂಡೆಯ ಮೇಲೂ ಜಾರಿ ಮುಂದೆ ಹೋಗುತ್ತದೆ. ಎರಡನೆಯ ಕಾರಣ, ತಗ್ಗಿದ ಅಲ್ಯೂಮಿನಿಯಂ ತಗ್ಗಿಯೇ ಇರುತ್ತದೆ. ಇಂದು 5 ಮಿ.ಮೀ. ತಗ್ಗಿತು, ಮುಂದಿನ ವಾರ ಇನ್ನೊಂದಿಷ್ಟು; ಕೊನೆಗೆ ಕವಚವೇ ಎಂಜಿನ್ನಿಗೆ ತಾಗಿ ನಿಲ್ಲುತ್ತದೆ. ಪಾಲಿಎಥಿಲೀನ್ ಬಾಗಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಆಸ್ಟ್ರಿಯಾದ ಎರ್ಜ್‌ಬರ್ಗ್ ಕಬ್ಬಿಣದ ಅದಿರಿನ ಗಣಿಯಲ್ಲಿ 1995ರಿಂದ ನಡೆಯುತ್ತಿರುವಂಥ ಕಲ್ಲುಬಂಡೆಗಳ ಎಂಡ್ಯೂರೊ (ಕಠಿಣ ಹಾದಿಯ ಬೈಕ್ ಓಟ) ಸ್ಪರ್ಧೆಗಳ ಬೈಕುಗಳಲ್ಲಿ ದಪ್ಪ ಪ್ಲಾಸ್ಟಿಕ್ ಪ್ಲೇಟುಗಳು ಸಾಮಾನ್ಯವಾಗಿರುವುದಕ್ಕೆ ಈ ಎರಡು ಗುಣಗಳೇ ಕಾರಣ.

ಯಾವ ಪ್ಲಾಸ್ಟಿಕ್ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು, ಆದರೆ ತಪ್ಪಿದರೆ ಅಪಾಯ ದೊಡ್ಡದು. ಪಿವಿಸಿ ಬೇಡವೇ ಬೇಡ. ಪೆಟ್ಟು ಬಿದ್ದರೆ ಅದು ಚೂಪಾದ ಚೂರುಗಳಾಗಿ ಒಡೆಯುತ್ತದೆ. ಹೆಚ್ಚು ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಸುಡುವ ಅನಿಲ ಬಿಡುತ್ತದೆ. ಬೂದು ಬಣ್ಣದ ನೀರಾವರಿ ಪೈಪು ಮನೆಯಲ್ಲೇ ಬಿದ್ದಿದೆ ಎಂದು ಅದನ್ನು ಬೆಂಕಿಗೆ ಹಿಡಿಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಪಾಲಿಕಾರ್ಬನೇಟ್ ಗಟ್ಟಿ ಎಂಬ ಹೆಸರು ಪಡೆದಿದ್ದರೂ ಪೆಟ್ರೋಲ್ ತಾಗಿದ ಕಡೆ ಸೂಕ್ಷ್ಮ ಬಿರುಕು ಬಿಡುತ್ತದೆ. ನೀಲಿ ಡ್ರಮ್ಮು ಎಚ್‌ಡಿಪಿಇ ಹೌದು, ಆದರೆ ಅದರ ಗೋಡೆ ತೀರಾ ತೆಳು. ಅಡುಗೆಮನೆಯ ಬಿಳಿ ಕತ್ತರಿಸುವ ಹಲಗೆಯಿಂದ ಪ್ಲೇಟ್ ಮಾಡಿದವರು ಅನೇಕರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಬಿಸಿಲು ತಡೆಯುವ ಅಂಶ ಇರುವುದಿಲ್ಲವಾದ್ದರಿಂದ ಬಯಲಲ್ಲಿ ನಿಲ್ಲುವ ಬೈಕಿಗೆ ಅದು ಬಹುಕಾಲ ಬಾರದು. ಯುಎಚ್‌ಎಂಡಬ್ಲ್ಯು ಎಂಬ ಅತಿ ಉದ್ದ ಅಣುಗಳ ಪಾಲಿಎಥಿಲೀನ್ ಸವೆತಕ್ಕೆ ಎಲ್ಲಕ್ಕಿಂತ ಉತ್ತಮ. ಬೆಂಗಳೂರಿನ ಎಂಜಿನಿಯರಿಂಗ್ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಕರಗುವ ಬಿಸಿಯಲ್ಲೂ ಅದು ಹರಿಯುವುದಿಲ್ಲ, ಬಾಗಿಸಿದರೆ ಹಟದಿಂದ ಹಿಂದಕ್ಕೆ ಬರುತ್ತದೆ. ಮನೆಯಲ್ಲಿ ಮಾಡುವವರಿಗೆ ಎಚ್‌ಡಿಪಿಇಯೇ ಸರಿ.

ನಮಗೆ ಅದು ಊರಿನ ರಸ್ತೆಬದಿಯಲ್ಲೇ ಸಿಕ್ಕಿತು. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನ ಕಾಮಗಾರಿಗೆ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಯೋಜನೆಗೆ, ನೀಲಿ ಪಟ್ಟೆಯ ಕಪ್ಪು ಎಚ್‌ಡಿಪಿಇ ಪೈಪುಗಳು ಹಳ್ಳಿ ಹಳ್ಳಿಗೆ ಬಂದಿವೆ. ಜೋಡಣೆ ಮುಗಿದ ಕಡೆ ಒಂದೆರಡು ಅಡಿಯ ತುಂಡುಗಳು ಉಳಿಯುತ್ತವೆ. ಗುತ್ತಿಗೆದಾರರನ್ನು ಕೇಳಿ, ತೂಕದ ಲೆಕ್ಕದಲ್ಲಿ ಹಣ ಕೊಟ್ಟು ಅಂಥ ತುಂಡುಗಳನ್ನು ಗೆಳೆಯ ತಂದ. ಈ ಪೈಪಿನ ದೊಡ್ಡ ಗುಣವೆಂದರೆ ಅದರ ಮೈಮೇಲೆ ಐಎಸ್ 4984 ಎಂಬ ಮಾನದಂಡ, ಪಿಇ 100 ಎಂಬ ದರ್ಜೆ, ವ್ಯಾಸ, ಎಲ್ಲವೂ ಅಚ್ಚಾಗಿರುತ್ತವೆ. ಕೈಯಲ್ಲಿರುವುದು ಏನು ಎಂಬುದು ಖಚಿತ. ಕಪ್ಪು ಬಣ್ಣ ಬರುವುದು ಶೇಕಡ 2ರಿಂದ 3ರಷ್ಟು ಬೆರೆಸಿದ ಮಸಿಯಿಂದ, ಬಿಸಿಲಿನಿಂದ ಕಾಪಾಡುವುದೂ ಅದೇ ಮಸಿ. ಅಗ್ಗದ, ಅಚ್ಚಿಲ್ಲದ ಕಪ್ಪು ಸುರುಳಿ ಪೈಪು ಬೇರೆ ವಿಷಯ. ಮರುಬಳಕೆಯ ಏನೇನೋ ಬೆರೆತು ಅದು ಪೆಟ್ಟಿಗೆ ಬಿರುಕು ಬಿಡಬಹುದು.

ದಪ್ಪ ಮತ್ತು ಸಂದು

ಸ್ಕಿಡ್ ಪ್ಲೇಟ್ ಗಟ್ಟಿಯಾಗಿದ್ದರೆ ಸಾಕು ಎಂದು ಯೋಚಿಸುವುದರಿಂದಲೇ ಹೆಚ್ಚಿನ ಮನೆಯ ಪ್ಲೇಟುಗಳು ಕೆಡುತ್ತವೆ. ಎಂಜಿನ್ನನ್ನು ಉಳಿಸುವುದು ಪ್ಲೇಟ್ ಮತ್ತು ಎಂಜಿನ್ನಿನ ನಡುವಿನ ಖಾಲಿ ಜಾಗ, ಹಾಗೂ ಬಂಡೆಯ ಪೆಟ್ಟು ಚಾಸಿಗೆ ಹೋಗಲು ಇರುವ ನೇರ ದಾರಿ. ಪ್ಲೇಟ್ ಆ ಪೆಟ್ಟನ್ನು ಹಳಿಗಳಿಗೆ ಸಾಗಿಸುವ ಸೇತುವೆ. ಸೇತುವೆ ಬಾಗಬಹುದು, ಆದರೆ ಬಾಗಿ ಕೆಳಗಿನ ನೀರನ್ನು ಮುಟ್ಟಬಾರದು.

ಎಷ್ಟು ಬಾಗುತ್ತದೆ? ಎಚ್‌ಡಿಪಿಇ ಅಲ್ಯೂಮಿನಿಯಂಗಿಂತ ಸುಮಾರು 70 ಪಟ್ಟು ಮೆತ್ತಗೆ. ಆದರೆ ಫಲಕದ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಈ ಘನದ ನಿಯಮವೇ ಮನೆಯಲ್ಲಿ ಪ್ಲೇಟ್ ಮಾಡುವವರ ಆಪದ್ಬಂಧು. ಒಂಬತ್ತೂವರೆ ಮಿ.ಮೀ. ಎಚ್‌ಡಿಪಿಇ ಫಲಕ 4 ಮಿ.ಮೀ. ಅಲ್ಯೂಮಿನಿಯಂಗಿಂತ ಸುಮಾರು ಐದು ಪಟ್ಟು ಮಾತ್ರ ಮೆತ್ತಗೆ. ಅದೇ 6 ಮಿ.ಮೀ. ಫಲಕವಾದರೆ ಇಪ್ಪತ್ತು ಪಟ್ಟು.

ನಮ್ಮ ಬೈಕಿನ ಹಳಿಗಳ ನಡುವಿನ ಅಂತರ 180 ಮಿ.ಮೀ. ಸವಾರನೂ ಸೇರಿ 200 ಕಿಲೋ ಭಾರ ಪ್ಲೇಟಿನ ನಟ್ಟನಡುವೆ ಒಂದು ಕಲ್ಲಿನ ಮೇಲೆ ನಿಂತರೆ, ಕಾಗದದ ಮೇಲಿನ ಲೆಕ್ಕದ ಪ್ರಕಾರ ಒಂಬತ್ತೂವರೆ ಮಿ.ಮೀ. ಫಲಕ 17 ಮಿ.ಮೀ. ಬಾಗಬೇಕು, 6 ಮಿ.ಮೀ. ಫಲಕ ಅದರ ಮೂರೂವರೆ ಪಟ್ಟಿಗೂ ಹೆಚ್ಚು. ಬಾಗಿದ ಮೂಗು, ಮೇಲಕ್ಕೆತ್ತಿದ ಅಂಚುಗಳು ಬಿಗಿತ ಕೊಡುವುದರಿಂದ ವಾಸ್ತವದಲ್ಲಿ ಇಷ್ಟು ಆಗುವುದಿಲ್ಲ. ಎಷ್ಟು ಆಗುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು.

ಅದಕ್ಕೆ ನಾವು ಬಳಸಿದ್ದು ಜೇಡಿಮಣ್ಣು. ಮೊದಲು 160 ಮಿ.ಮೀ. ವ್ಯಾಸದ, 6 ಮಿ.ಮೀ.ಗೆ ತುಸು ಮೇಲ್ಪಟ್ಟ ಗೋಡೆಯ ತೆಳು ಪೈಪಿನಿಂದ ಅಳತೆ ನೋಡುವ ಪ್ಲೇಟೊಂದನ್ನು ಮಾಡಿ ಕೂರಿಸಿದೆವು. ಎಂಜಿನ್ ತಳಕ್ಕೂ ಪ್ಲೇಟಿಗೂ ನಡುವೆ ಮೆತ್ತನೆಯ ಜೇಡಿಮಣ್ಣಿನ ಉಂಡೆಗಳನ್ನು ಅಲ್ಲಲ್ಲಿ ಇಟ್ಟು, ಪ್ಲೇಟಿನ ನಡುವೆ ಮರದ ತುಂಡು ಕೊಟ್ಟು, ಎರಡೂ ಚಕ್ರ ನೆಲ ಬಿಡುವಂತೆ ಬೈಕನ್ನು ಅದರ ಮೇಲೆ ನಿಲ್ಲಿಸಿ, ಇಬ್ಬರು ಹಿಡಿದುಕೊಂಡು, ಒಬ್ಬ ಮೇಲೆ ಕುಳಿತ. ಇಳಿಸಿ ನೋಡಿದರೆ ಮಣ್ಣು ಕಾಗದದಷ್ಟು ತೆಳುವಾಗಿ ಒತ್ತಿಹೋಗಿತ್ತು. ಅಂದರೆ ತೆಳು ಪ್ಲೇಟ್ ಎಂಜಿನ್ನಿಗೆ ತಾಗಿತ್ತು. ಅದೇ ವ್ಯಾಸದ, ಒಂಬತ್ತೂವರೆ ಮಿ.ಮೀ. ಗೋಡೆಯ ಪೈಪಿನಿಂದ ಮಾಡಿದ ಪ್ಲೇಟಿನಲ್ಲಿ, ಹದಿನೈದು ಹದಿನಾರು ಮಿ.ಮೀ. ಸಂದಿನ ಪೈಕಿ ಸುಮಾರು 5 ಮಿ.ಮೀ. ಮಣ್ಣು ಹಾಗೆಯೇ ಉಳಿಯಿತು. ನಿಜವಾದ ಪೆಟ್ಟಿನ ಬಲ ಇದಕ್ಕಿಂತ ಜಾಸ್ತಿ ಇರಬಹುದು. ಆದರೆ ಕ್ಷಣಿಕ ಪೆಟ್ಟಿಗೆ ಪಾಲಿಎಥಿಲೀನ್ ನಿಧಾನ ಭಾರಕ್ಕಿಂತ ಬಿಗಿಯಾಗಿ ವರ್ತಿಸುತ್ತದೆ. ಮನೆಯಲ್ಲಿ ಪ್ಲೇಟ್ ಮಾಡುವ ಯಾರಾದರೂ ಒಂದೇ ಒಂದು ಪರೀಕ್ಷೆ ಮಾಡುವುದಾದರೆ ಇದನ್ನೇ ಮಾಡಲಿ.

ಸಂದು ಸಿಕ್ಕಿದ್ದು ಬೆಲೆ ಕೊಟ್ಟೇ. ಹಳಿಗಳ ಅಡಿಗೆ ಅದೇ ಪೈಪಿನ ಪಟ್ಟಿಯನ್ನೂ ಅದರ ಮೇಲೆ ಹಳೆಯ ಟೈರಿನ ರಬ್ಬರನ್ನೂ ಉದ್ದಕ್ಕೆ ಇಟ್ಟು ಪ್ಲೇಟನ್ನು ಕೆಳಗೆ ಇಳಿಸಿದೆವು. ಆಯಿಲ್ ಬೋಲ್ಟ್ ಮೊದಲೇ ಹಳಿಗಿಂತ 8 ಮಿ.ಮೀ. ಕೆಳಗಿತ್ತು. ಒಟ್ಟಾರೆ ನೆಲದಿಂದ ಇದ್ದ ಎತ್ತರದಲ್ಲಿ 17 ಮಿ.ಮೀ.ಯಷ್ಟು ಹೋಯಿತು. ಜಾರುವ ತಳ ಸಿಕ್ಕಾಗ ಈ ನಷ್ಟ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಗೆಳೆಯ ಇದನ್ನು ಈಗಲೂ ಪೂರ್ತಿ ಒಪ್ಪಿಲ್ಲ.

ಪೈಪನ್ನು ಹಾಳೆ ಮಾಡುವುದು

160 ಮಿ.ಮೀ. ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಸುಮಾರು 470 ಮಿ.ಮೀ. ಅಗಲದ ಹಾಳೆ ಸಿಗುತ್ತದೆ. ಸೀಳುವಾಗ ಒಂದು ಅಚ್ಚರಿ ಎದುರಾಗುತ್ತದೆ: ಪೈಪು ಬಿಚ್ಚಿಕೊಳ್ಳುವ ಬದಲು ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಗರಗಸದ ಅಲಗನ್ನು ಕಚ್ಚಿ ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಪೈಪಿನ ಹೊರಮೈ ಮೊದಲು ತಣಿದು ಗಟ್ಟಿಯಾಗಿ, ಒಳಮೈ ಆಮೇಲೆ ಕುಗ್ಗುವುದರಿಂದ ಒಳಗೆ ಎಳೆತ, ಹೊರಗೆ ಒತ್ತಡ ಉಳಿದಿರುತ್ತದೆ. ಸೀಳಿದ ಕೂಡಲೇ ಅದು ಬಿಡುಗಡೆಯಾಗುತ್ತದೆ. ಸೀಳು ಮುಂದುವರಿದಂತೆ ಹಿಂದಿನಿಂದ ಮರದ ಬೆಣೆ ಹೊಡೆಯುತ್ತಾ ಹೋಗಬೇಕು. ದೊಡ್ಡ ಹಲ್ಲಿನ ಅಲಗು, ನಿಧಾನದ ಓಟ ಇರಲಿ. ವೇಗ ಹೆಚ್ಚಿದರೆ ಪ್ಲಾಸ್ಟಿಕ್ ಕರಗಿ ಅಲಗಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ.

ಪೈಪನ್ನು ಯಾವ ದಿಕ್ಕಿಗೆ ಬಳಸುವುದು ಎಂಬುದರಲ್ಲಿ ಸ್ವಲ್ಪ ಜಾಣತನ ಬೇಕು. ಪೈಪಿನ ಉದ್ದ ಬೈಕಿಗೆ ಅಡ್ಡಲಾಗಿ ಬರುವಂತೆ ಇಟ್ಟರೆ, ಬಿಡಿಸಿದ ಸುತ್ತಳತೆ ಮುಂದಿನಿಂದ ಹಿಂದಕ್ಕೆ ಪ್ಲೇಟಿನ ಉದ್ದವಾಗುತ್ತದೆ, ಅಗಲವನ್ನು ಬೇಕಾದಷ್ಟು ಇಟ್ಟುಕೊಳ್ಳಬಹುದು. ಮೇಲಾಗಿ, ಮುಂದೆ ಎಂಜಿನ್ನಿನ ಮೇಲಕ್ಕೆ ಏರುವ ಮೂಗಿನ ಬಾಗು ಪೈಪಿನ ಸಹಜ ಬಾಗಿನ ದಿಕ್ಕಿನಲ್ಲೇ ಬರುತ್ತದೆ.

ಎಚ್‌ಡಿಪಿಇ ಕರಗುವುದು 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಹೀಟ್ ಗನ್ನಿನಿಂದ ಇಷ್ಟು ದಪ್ಪದ ಹಾಳೆಯನ್ನು ಒಳಗಿನವರೆಗೆ ಕಾಯಿಸಲು ಹೋದರೆ ಮೇಲ್ಮೈ ಸುಟ್ಟು ಹೊಗೆಯಾಡುತ್ತದೆ, ನಡುಭಾಗ ತಣ್ಣಗೇ ಇರುತ್ತದೆ. ಪ್ಲಾಸ್ಟಿಕ್ ಶಾಖವನ್ನು ಅಷ್ಟು ನಿಧಾನವಾಗಿ ಸಾಗಿಸುತ್ತದೆ. ಹಾಗೆ ಅರೆಬಿಸಿಯಲ್ಲಿ ಬಾಗಿಸಿದ ಹಾಳೆ ಕೆಲವು ದಿನಗಳಲ್ಲಿ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ. ಓವನ್ ಬೇಕು. ಬೇಕರಿಯ ಓವನ್ ಸುಲಭವಾಗಿ ಸಿಗುತ್ತಿತ್ತು, ಆದರೆ ಜನ ತಿನ್ನುವ ಬ್ರೆಡ್ಡು ಬೇಯುವ ಜಾಗದಲ್ಲಿ ಪ್ಲಾಸ್ಟಿಕ್ ಕಾಯಿಸುವುದು ಸರಿಯಲ್ಲ. ಲೋಹಕ್ಕೆ ಬಣ್ಣದ ಪುಡಿ ಹಚ್ಚಿ ಕಾಯಿಸಿ ಕೂರಿಸುವ ಹಾಸನದ ಪೌಡರ್ ಕೋಟಿಂಗ್ ಘಟಕವೊಂದರವರು ದಿನದ ಕೆಲಸ ಮುಗಿದ ಮೇಲೆ ತಮ್ಮ ಓವನ್ ಬಿಟ್ಟುಕೊಟ್ಟರು. ಅವರ ಕೆಲಸ ನಡೆಯುವುದು 180ರಿಂದ 200 ಡಿಗ್ರಿಯಲ್ಲಿ. ನಮಗಾಗಿ 150ಕ್ಕೆ ಇಳಿಸಿ ನಿಲ್ಲಿಸಿದರು. ಅಡಿಯಲ್ಲಿ ಟೆಫ್ಲಾನ್ ಹಾಳೆ ಹಾಸಿ, ಸೀಳಿದ ಪೈಪನ್ನು ಇಟ್ಟು ಮುಕ್ಕಾಲು ಗಂಟೆ ಕಾಯಬೇಕಾಯಿತು. ಬಿಳಿ ಎಚ್‌ಡಿಪಿಇ ಪೂರ್ತಿ ಕರಗಿದಾಗ ಗಾಜಿನಂತೆ ಪಾರದರ್ಶಕವಾಗಿ ತಾನೇ ಸೂಚನೆ ಕೊಡುತ್ತದೆ. ಕಪ್ಪು ಪೈಪಿನಲ್ಲಿ ಆ ಸೌಲಭ್ಯವಿಲ್ಲ. ಮರದ ಕಡ್ಡಿಯಿಂದ ಅಂಚನ್ನು ಎತ್ತಿ ನೋಡಬೇಕು. ಒಳಗೆ ಬಿಗಿ ಉಳಿಯದೆ ತನ್ನ ಭಾರಕ್ಕೇ ಜೋತುಬಿದ್ದರೆ ಹದ ಬಂದಂತೆ.

ಮೊದಲ ಬಿಸಿಯಲ್ಲಿ ಎರಡು ದಪ್ಪ ಹಲಗೆಗಳ ನಡುವೆ ಒತ್ತಿ ಸಮತಟ್ಟು ಮಾಡಿದೆವು. ಹಾಳೆ ಪೈಪಿನ ಉದ್ದದ ದಿಕ್ಕಿನಲ್ಲಿ ಸ್ವಲ್ಪ ಕುಗ್ಗಿತು. ಇದು ನಿರೀಕ್ಷಿತವೇ, ಆದ್ದರಿಂದ ಅಂತಿಮ ಆಕಾರವನ್ನು ಬಿಸಿ ಮಾಡುವ ಮೊದಲೇ ಕತ್ತರಿಸಬಾರದು. ಎರಡನೆಯ ಬಿಸಿಯಲ್ಲಿ ಅಚ್ಚಿನ ಮೇಲೆ ಹೊದಿಸಿದೆವು. ಅಚ್ಚು ಎಂದರೆ ದಪ್ಪ ಹಲಗೆ, ಅದರ ತುದಿಗೆ ಉಕ್ಕಿನ ಪೈಪಿನ ತುಂಡು, ಅಷ್ಟೇ. ಆ ಅಚ್ಚಿಗೆ ಅಳತೆ ಬಂದಿದ್ದು ರಟ್ಟಿನಿಂದ. ರಟ್ಟಿನ ಪ್ಲೇಟನ್ನು ಬೈಕಿಗೆ ಕಟ್ಟಿ, ಮುಂದಿನ ಫೋರ್ಕನ್ನು ಬೆಲ್ಟಿನಿಂದ ಪೂರ್ತಿ ಕೆಳಗೆ ಎಳೆದು, ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ, ಟೈರು ಮೂಗಿಗೆ ತಾಗುವುದಿಲ್ಲ ಎಂದು ಖಚಿತ ಮಾಡಿಕೊಂಡಿದ್ದೆವು. ಗೇರ್ ಲಿವರ್, ಬ್ರೇಕ್ ಪೆಡಲ್, ಸೈಡ್ ಸ್ಟ್ಯಾಂಡ್ ಮೂರೂ ಪೂರ್ತಿ ಓಡಾಡುವಷ್ಟು ಜಾಗ, ಜೊತೆಗೆ ಗಮ್‌ಬೂಟ್ ಹಾಕಿದ ಪಾದಕ್ಕೂ ಜಾಗ. ರಟ್ಟಿನಲ್ಲಿ ಕಳೆದ ಸಮಯ ವ್ಯರ್ಥವಾಗುವುದಿಲ್ಲ.

ಬಿಸಿ ಹಾಳೆ ಕೈಯಲ್ಲಿ ಹೆಚ್ಚು ಹೊತ್ತು ಕಾಯುವುದಿಲ್ಲ. ದಪ್ಪ ಕೈಗವಸು, ಇಬ್ಬರು ಮನುಷ್ಯರು, ಮೊದಲೇ ಜೋಡಿಸಿಟ್ಟ ಕ್ಲ್ಯಾಂಪುಗಳು, ಎಲ್ಲ ಕಿಟಕಿ ತೆರೆದ ಜಾಗ ಬೇಕು. ಬೇಕಾದ್ದಕ್ಕಿಂತ ಕೆಲವು ಡಿಗ್ರಿ ಹೆಚ್ಚೇ ಬಾಗಿಸಿ ಬಿಗಿದೆವು, ಏಕೆಂದರೆ ತಣಿದಾಗ ಅದು ಸ್ವಲ್ಪ ಹಿಂದಕ್ಕೆ ಬರುತ್ತದೆ. ಬೇಗ ತಣಿಯಲಿ ಎಂದು ನೀರು ಸುರಿದರೆ ಮೇಲ್ಮೈ ಮಾತ್ರ ಸೆಟೆದು ಮತ್ತೆ ಒಳ ಎಳೆತ ಹುಟ್ಟುತ್ತದೆ. ರಾತ್ರಿಯಿಡೀ ಅಚ್ಚಿನಲ್ಲೇ ಬಿಟ್ಟೆವು. ಪಕ್ಕದ ಅಂಚುಗಳನ್ನು ಮೇಲಕ್ಕೆತ್ತುವಾಗ ಮೂಗಿನ ಬಾಗೂ ಅಂಚಿನ ಬಾಗೂ ಸೇರುವ ಮೂಲೆಯಲ್ಲಿ ಸುಕ್ಕು ಬರುತ್ತದೆ. ಅಲ್ಲಿ ಸೀಳು ಕೊಟ್ಟು, ಸೀಳಿನ ಕೊನೆಗೆ 10 ಮಿ.ಮೀ. ರಂಧ್ರ ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ. ಅಂಚುಗಳನ್ನು ಬಡಗಿಯ ಕೀಸುಳಿಯಿಂದ ಹೆರೆದೆವು. ಎಚ್‌ಡಿಪಿಇ ಕೀಸುಳಿಗೆ ಮರಕ್ಕಿಂತಲೂ ಚೆನ್ನಾಗಿ ಒಗ್ಗುತ್ತದೆ.

ಹೆರೆದ ಸಿಪ್ಪೆಯ ಬಗ್ಗೆ ಒಂದು ಮಾತು. ಎಚ್‌ಡಿಪಿಇ ನೀರಿನಲ್ಲಿ ತೇಲುತ್ತದೆ. ಅಂಗಳದಲ್ಲಿ ಕೊರೆದು ಬಿಟ್ಟರೆ ಮೊದಲ ಮಳೆಗೆ ಹಳ್ಳ ಸೇರಿ, ಅಲ್ಲಿಂದ ಹೇಮಾವತಿಗೆ ಹೋಗುತ್ತದೆ. ಟಾರ್ಪಾಲಿನ್ ಹಾಸಿ ಕೆಲಸ ಮಾಡಿ, ಎಲ್ಲವನ್ನೂ ಚೀಲಕ್ಕೆ ತುಂಬಿದೆವು. ಓಡಿಸುವಾಗ ಬಂಡೆ ಕೆರೆದು ಉದುರಿಸುವ ಪ್ಲಾಸ್ಟಿಕ್ಕಿಗೆ ಇಂಥ ಪರಿಹಾರವಿಲ್ಲ. ಈ ವಸ್ತುವಿನ ಬಗ್ಗೆ ನನಗಿರುವ ಗಂಭೀರ ಆಕ್ಷೇಪ ಅದೊಂದೇ.

ಬೋಲ್ಟು ಹೊರುವ ಭಾರ

ಪ್ಲೇಟ್ ಪಟ್ಟಿಗಳ ಮೂಲಕ ನೇರವಾಗಿ ಹಳಿಗಳ ಮೇಲೆ ಕೂರುತ್ತದೆ. ಕೆಳಗಿನ ಪೆಟ್ಟೆಲ್ಲ ಹಳಿಗೆ ಹೋಗುತ್ತದೆ. ಬೋಲ್ಟುಗಳ ಕೆಲಸ ಪ್ಲೇಟ್ ಕೆಳಗೆ ಬೀಳದಂತೆ, ಹಿಂದಕ್ಕೆ ಸರಿಯದಂತೆ ಹಿಡಿಯುವುದು ಮಾತ್ರ. ಚಾಸಿಗೆ ವೆಲ್ಡಿಂಗ್ ಮಾಡಿಸಬಾರದು ಎಂಬುದನ್ನು ಮೊದಲೇ ನಿರ್ಧರಿಸಿದ್ದೆವು. ಹಿಂದೆ, ಎರಡು ಹಳಿಗಳ ಮೇಲೆ ಅಡ್ಡಲಾಗಿ 25 ಮಿ.ಮೀ. ಅಗಲದ ಉಕ್ಕಿನ ಪಟ್ಟಿ ಇಟ್ಟು, ಅದಕ್ಕೆ ಮೇಜಿನ ಮೇಲೆಯೇ ನಟ್ಟುಗಳನ್ನು ವೆಲ್ಡ್ ಮಾಡಿ, ಪ್ಲೇಟಿನ ಅಡಿಯಿಂದ ಎರಡು ಎಂ8 (8 ಮಿ.ಮೀ. ದಪ್ಪದ) ಬೋಲ್ಟು ಏರಿಸಿದೆವು. ಪಟ್ಟಿಗೂ ಪ್ಲೇಟಿಗೂ ನಡುವೆ ಹಳಿ ಸಿಕ್ಕಿ ಬಿಗಿಯಾಗುತ್ತದೆ. ಮುಂದೆ, ಕವಲಿನ ಮೇಲ್ಭಾಗದ ಕೊಳವೆಗೆ ಎರಡು ಹೋಳಿನ ಕ್ಲ್ಯಾಂಪ್ ಹಾಕಿ ಎರಡು ಎಂ6 ಬೋಲ್ಟು. ಮುಂದಿನವು ಬೇಕೆಂದೇ ಸಣ್ಣವು: ಪ್ಲೇಟ್ ಎಲ್ಲಾದರೂ ಬಲವಾಗಿ ಸಿಕ್ಕಿಕೊಂಡರೆ ಮೊದಲು ತುಂಡಾಗಬೇಕಾದದ್ದು ಆ ಬೋಲ್ಟೇ ಹೊರತು ಚಾಸಿಯ ಕೊಳವೆಯಲ್ಲ.

ಎಚ್‌ಡಿಪಿಇಯನ್ನು ಬೋಲ್ಟಿನಿಂದ ನೇರವಾಗಿ ಬಿಗಿದರೆ ಅದು ಒತ್ತಡಕ್ಕೆ ನಿಧಾನವಾಗಿ ಹರಿದು ಸರಿಯುತ್ತದೆ, ಬೋಲ್ಟು ಸಡಿಲವಾಗುತ್ತದೆ. ಎಷ್ಟು ಸಲ ಬಿಗಿದರೂ ಅದೇ ಕಥೆ. ಪರಿಹಾರ ಉಕ್ಕಿನ ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ಗಿಡ್ಡ ಕೊಳವೆ. ಪ್ರತಿ ರಂಧ್ರದಲ್ಲೂ ಬೋಲ್ಟಿನ ತಲೆ ಹುದುಗಲು 4 ಮಿ.ಮೀ. ಆಳದ ಅಗಲ ಗುಳಿ ತೋಡಿದೆವು. ತಲೆ ಹೊರಗೆ ಇಣುಕಿದರೆ ಮೊದಲ ಬಂಡೆಯೇ ಅದನ್ನು ಕತ್ತರಿಸುತ್ತದೆ. ಉಳಿದ ಐದೂವರೆ ಮಿ.ಮೀ. ಪ್ಲಾಸ್ಟಿಕ್ಕಿನಲ್ಲಿ 6 ಮಿ.ಮೀ. ಉದ್ದದ ಬುಷ್ ಕೂರಿಸಿದೆವು. ದೊಡ್ಡ ವಾಷರ್ ಬುಷ್ಷಿನ ಮೇಲೆ ಬಿಗಿಯುತ್ತದೆ, ಪ್ಲಾಸ್ಟಿಕ್ ಅರ್ಧ ಮಿ.ಮೀ. ಸಡಿಲದಲ್ಲಿ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತದೆ. ಈ ಹಿಗ್ಗುವಿಕೆ ಸಣ್ಣದೇನಲ್ಲ. ಬೆಳಗಿನ ತಂಪಿನಿಂದ ಎಂಜಿನ್ ಕಾದ ಮಧ್ಯಾಹ್ನದವರೆಗೆ 50 ಡಿಗ್ರಿ ಏರಿದರೆ 470 ಮಿ.ಮೀ. ಉದ್ದದ ಈ ಪ್ಲೇಟ್ ಮೂರು ಮಿ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. ಅಲ್ಯೂಮಿನಿಯಂ ಆಗಿದ್ದರೆ ಅರ್ಧ ಮಿ.ಮೀ. ಹಾಗಾಗಿ ಹಿಂದಿನ ರಂಧ್ರಗಳು ಉದ್ದನೆಯ ಸೀಳುಗಳಾಗಿರಬೇಕು. ದುಂಡು ರಂಧ್ರ ಇಟ್ಟರೆ ಪ್ಲೇಟ್ ನಡುವೆ ಉಬ್ಬಿ ನಿಲ್ಲುತ್ತದೆ.

ಪ್ಲೇಟಿನ ಹಿಂದಿನ ತುದಿಯನ್ನೂ ಸ್ವಲ್ಪ ಮೇಲಕ್ಕೆ ಬಾಗಿಸಬೇಕು. ಏರಿನಲ್ಲಿ ನಿಂತುಹೋದ ಬೈಕ್ ಹಿಂದಕ್ಕೆ ಜಾರುತ್ತದೆ. ಆಗ ಹರಿತವಾದ ಹಿಂದಂಚು ಬೇರಿಗೆ ಕೊಕ್ಕೆಯಾಗುತ್ತದೆ. ಮುಂಭಾಗಕ್ಕೆ ಅಷ್ಟೊಂದು ಗಮನ ಕೊಡುವವರು ಇದನ್ನು ಏಕೆ ಮರೆಯುತ್ತಾರೋ ತಿಳಿಯದು.

ಶಾಖ, ಕೆಸರು, ತರಗೆಲೆ

ಎಂಜಿನ್ ತಳ ದುಡಿಮೆಯಲ್ಲಿ 100 ಡಿಗ್ರಿಯ ಸಮೀಪಕ್ಕೆ ಹೋಗಬಹುದು. ಸೈಲೆನ್ಸರಿನ ಮುಂಗೊಳವೆ ಅದರ ಹಲವು ಪಟ್ಟು. ಈ ಬೈಕಿನಲ್ಲಿ ಮುಂಗೊಳವೆ ಸಿಲಿಂಡರಿನಿಂದ ಹೊರಟು ಬಲಕ್ಕೆ ತಿರುಗಿ ಮೇಲಕ್ಕೆ ಹೋಗುತ್ತದೆ, ಎಂಜಿನ್ನಿನ ಅಡಿಗೆ ಬರುವುದಿಲ್ಲ. ಅಡಿಯಲ್ಲೇ ಹಾದುಹೋಗುವಂತಿದ್ದರೆ ನಾನು ಪ್ಲಾಸ್ಟಿಕ್ ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಆದರೂ ಮೂಗಿನ ಬಲ ಮೂಲೆ ಅದಕ್ಕೆ ಹತ್ತಿರ ಬರುವುದರಿಂದ 25 ಮಿ.ಮೀ. ಅಂತರ ಬಿಟ್ಟು, ನಡುವೆ ತೆಳು ಅಲ್ಯೂಮಿನಿಯಂ ಹಾಳೆಯನ್ನು ಎತ್ತರಿಸಿ ಕೂರಿಸಿದೆವು.

ಸದ್ದು ತಗ್ಗಲೆಂದು ಪ್ಲೇಟಿನೊಳಗೆ ಫೋಮ್ ತುಂಬುವ ಪದ್ಧತಿ ಇದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅದು ಸಲ್ಲದು. ನೀರು, ಕೆಸರು ಹಿಡಿದಿಟ್ಟುಕೊಂಡು ಗಾಳಿ ತಡೆಯುತ್ತದೆ. ಪಾಲಿಎಥಿಲೀನ್ ಅಲ್ಯೂಮಿನಿಯಂ ಹಾಗೆ ಗಣಗಣಿಸುವುದೂ ಇಲ್ಲ. ಬದಲಿಗೆ ಹಿಂಭಾಗದಲ್ಲಿ 20 ಮಿ.ಮೀ. ರಂಧ್ರಗಳು, ಆಯಿಲ್ ಬೋಲ್ಟಿನ ನೇರಕ್ಕೆ 40 ಮಿ.ಮೀ. ಕಿಂಡಿ, ಎಲ್ಲದರ ಅಂಚೂ ಓರೆ ಹೆರೆದದ್ದು. ಬೇಸಿಗೆಯಲ್ಲಿ ಪ್ಲೇಟಿನೊಳಗೆ ಒಣ ತರಗೆಲೆ ಸೇರುವುದನ್ನು ಹಗುರವಾಗಿ ಕಾಣಬಾರದು. ಬಿಸಿ ಕೊಳವೆಯ ಪಕ್ಕದಲ್ಲಿ ಒಣ ಎಲೆ, ಅದರ ಅಡಿಯಲ್ಲಿ ಉರಿಯಬಲ್ಲ ಪ್ಲಾಸ್ಟಿಕ್. ತೋಟದಲ್ಲಿ ಇದರ ಅರ್ಥ ಏನೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಓಡಿಸಿ ಬಂದ ಮೇಲೆ ಕೈ ಹಾಕಿ ತೆಗೆಯುವುದು ಈಗ ಗೆಳೆಯನ ರೂಢಿ.

ಒಂದು ಮಳೆಗಾಲದ ನಂತರ

ಜೂನಿನಿಂದ ಸೆಪ್ಟೆಂಬರಿನ ಮಳೆ ಮುಗಿದ ಮೇಲೆ ಪ್ಲೇಟನ್ನು ಬಿಚ್ಚಿ ತೊಳೆದು ನೋಡಿದೆವು. ತಳದ ತುಂಬ ಗೀರುಗಳು. ಅತಿ ಆಳದ್ದು 2 ಮಿ.ಮೀ.ಗೆ ತುಸು ಹೆಚ್ಚು. ಮೂಗಿನ ಎಡಗಡೆ ಕಾಫಿ ಗೂಟವೊಂದು ಕುತ್ತಿದ ಗುರುತು ಇತ್ತು. ಅದೇ ಗೂಟ ಬರಿಯ ಕ್ರ್ಯಾಂಕ್‌ಕೇಸಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ಎದ್ದ ಎಳೆಗಳನ್ನು ಚೂಪಾದ ಚಾಕುವಿನಿಂದ ಕೆತ್ತಿದರೆ ಮೈ ಮತ್ತೆ ನಯ. ಬಿರುಕು ಎಲ್ಲೂ ಇರಲಿಲ್ಲ, ಬುಷ್ ಹಾಕಿದ ನಾಲ್ಕೂ ಬೋಲ್ಟು ಬಿಗಿಯಾಗಿಯೇ ಇದ್ದವು. ಎಂಜಿನ್ ತಳದಲ್ಲಿ ಒಂದೂ ಹೊಸ ಗಾಯವಿರಲಿಲ್ಲ. ಖರ್ಚು, ಓವನ್ ಘಟಕದವರಿಗೆ ಕೊಟ್ಟದ್ದೂ ಸೇರಿ, ಎರಡು ಸಾವಿರ ರೂಪಾಯಿಯ ಒಳಗೆ ಮುಗಿದಿತ್ತು. ವೆಲ್ಡಿಂಗ್ ಮತ್ತು ಎಂಜಿನ್ ಬಿಚ್ಚಿ ಜೋಡಿಸಿದ ವೆಚ್ಚದ ಮುಂದೆ ಅದು ಬಹಳ ಕಡಿಮೆ.

ಇದರಿಂದ ಎಲ್ಲ ಬೈಕಿಗೂ ಪ್ಲಾಸ್ಟಿಕ್ಕೇ ಸರಿ ಎಂದು ಹೇಳಲಾರೆ. ವೇಗವಾಗಿ ಓಡುವ ರ್ಯಾಲಿಯಲ್ಲಿ ಚಕ್ರ ಎಸೆಯುವ ಕಲ್ಲಿಗೆ, ಅಡಿಯಲ್ಲಿ ಕೊಳವೆ ಹಾಯುವ ಟೂ ಸ್ಟ್ರೋಕ್ ಬೈಕಿಗೆ, ಹಳಿಗಳೇ ಇಲ್ಲದೆ ಎಂಜಿನ್ನೇ ಚಾಸಿಯ ಭಾಗವಾಗಿರುವ ಬೈಕಿಗೆ ಅಲ್ಯೂಮಿನಿಯಂ ಅಥವಾ ಬೇರೆ ವಿನ್ಯಾಸ ಬೇಕು. ವಿಶೇಷವಾಗಿ ಕೊನೆಯದರಲ್ಲಿ ಪೆಟ್ಟನ್ನು ಸಾಗಿಸಲು ಹಳಿಯೇ ಇಲ್ಲದಿರುವುದರಿಂದ ಪ್ಲೇಟಿಗಿಂತ ಮೊದಲು ಉಪಚೌಕಟ್ಟು ಕಟ್ಟಬೇಕಾಗುತ್ತದೆ.

ಈ ಬೈಕಿನಲ್ಲಿ ಇನ್ನೂ ಬಯಲಾಗಿರುವ ಜಾಗವೊಂದಿದೆ: ಹಿಂದಿನ ಶಾಕ್ ಅಬ್ಸಾರ್ಬರಿನ ಲಿಂಕೇಜ್, ಅಂದರೆ ಅದನ್ನು ಜೋಡಿಸುವ ಚಲಿಸುವ ಕೊಂಡಿಗಳು. ಪ್ಲೇಟಿನ ಉದ್ದ 470 ಮಿ.ಮೀ.ಗೆ ನಿಂತದ್ದರಿಂದ ಅದು ರಕ್ಷಣೆಯ ಹೊರಗೇ ಉಳಿಯಿತು, ಅಲ್ಲಿ ಗೀರುಗಳೂ ಬಿದ್ದಿವೆ. 180 ಮಿ.ಮೀ. ವ್ಯಾಸದ, 10.7 ಮಿ.ಮೀ. ಗೋಡೆಯ ಪೈಪಿನ ತುಂಡೊಂದನ್ನು ಗೆಳೆಯ ಈಗಾಗಲೇ ತಂದಿಟ್ಟಿದ್ದಾನೆ. ಬಿಡಿಸಿದರೆ 530 ಮಿ.ಮೀ. ಸಿಗುತ್ತದೆ, ಹಿಂದಂಚನ್ನು ಲಿಂಕೇಜಿನ ಕೆಳಗೆ ತಂದು, ಅಲ್ಲಿ ಚಲಿಸುವ ಭಾಗಗಳಿಗೆ ಜಾಗ ಬಿಟ್ಟು ಬಾಗಿಸಬೇಕು. ದಪ್ಪ ಹೆಚ್ಚಿದ್ದರಿಂದ ಬಿಗಿತ ಶೇಕಡ 40ರಷ್ಟು ಏರುತ್ತದೆ. ಹಾಗಾದರೆ ಸಂದನ್ನು 12 ಮಿ.ಮೀ.ಗೆ ಇಳಿಸಿ, ಕಳೆದುಕೊಂಡ ಎತ್ತರದಲ್ಲಿ ಸ್ವಲ್ಪವನ್ನು ಮರಳಿ ಪಡೆಯಬಹುದು ಎಂಬುದು ಅವನ ವಾದ. ಲೆಕ್ಕ ಅದಕ್ಕೆ ಅವಕಾಶ ಕೊಡುತ್ತದೆ. ಜೇಡಿಮಣ್ಣು ಏನು ಹೇಳುತ್ತದೋ ನೋಡಿ, ಅದರಂತೆ ಪಟ್ಟಿಯ ದಪ್ಪವನ್ನು ನಿರ್ಧರಿಸುತ್ತೇವೆ.